ಹುಣ್ಣಿಲ್ಲದ ನಾಲಿಗೆ: ನನ್ನ ಅನುಭವ

ಆಕೆಯ ನಾಲಿಗೆಯ ಮೇಲೆ ಹುಣ್ಣೇ ಇರಲಿಲ್ಲ. "ಬಲಗಡೆ ಜೋಮು ಹಿಡಿದ ಹಾಗಿದೆ ಡಾಕ್ಟ್ರೇ, ಕಿವಿಗೂ ಚಳಕು ಹೊಡೆಯುತ್ತೆ" ಎಂದರು. ಆರು ತಿಂಗಳು ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ್ದರು. ತಂಬಾಕು ಮುಟ್ಟಿದವರಲ್ಲ.

"ನಾಲಿಗೆ ಚಾಚಿ ಅಮ್ಮ" ಅಂದೆ. ತುದಿ ಬಲಕ್ಕೆ ವಾಲಿತು. ನಾಲಿಗೆ ಆಡಿಸುವ ನರ ಯಾವ ಕಡೆ ಸೋತಿದೆಯೋ ಆ ಕಡೆಗೇ ನಾಲಿಗೆ ತಿರುಗುತ್ತದೆ. ಗ್ಲೌಸ್ ಹಾಕಿ ಹಿಂಭಾಗದವರೆಗೆ ಬೆರಳಾಡಿಸಿದೆ. ಮೇಲೆ ನುಣುಪು, ಒಳಗೆ ಗಟ್ಟಿ ಗಂಟು.

ಇಲ್ಲೇ ನಾನು ಎಡವಿದೆ. ಬಯಾಪ್ಸಿಗೆ ಮೇಲುಮೇಲಿನ ಚೂರಷ್ಟೇ ತೆಗೆದೆ. 'ಕ್ಯಾನ್ಸರ್ ಇಲ್ಲ' ಅಂತ ರಿಪೋರ್ಟ್ ಬಂತು. ಆಕೆಗೆ ನಿರಾಳ, ನನಗೆ ಕಿರಿಕಿರಿ. ಜೋಮು ಸುಮ್ನೆ ಬರಲ್ಲ ಅಲ್ವಾ? ಎಂಆರ್‌ಐ ಮಾಡಿಸಿದೆ. ಸುಮಾರು 3 ಸೆಂ.ಮೀ. ಗಡ್ಡೆ, ಪಕ್ಕದ ನರವೂ ದಪ್ಪಗಾಗಿತ್ತು. ಅರಿವಳಿಕೆ ಕೊಟ್ಟು ಆಳದಿಂದ ಚೂರು ತೆಗೆದೆ. ಪೆಥಾಲಜಿ ಗೆಳೆಯ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ಜರಡಿಯ ಹಾಗೆ ತೂತು ತೂತು. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಎಂಬ ಕ್ಯಾನ್ಸರ್.

ನಾಲಿಗೆ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಮೇಲ್ಪದರದಲ್ಲಿ. ಇದು ಒಳಗಿನ ಸಣ್ಣ ಜೊಲ್ಲಿನ ಗ್ರಂಥಿಯಲ್ಲಿ ಹುಟ್ಟುತ್ತದೆ. ನಿಧಾನವಾಗಿ ಬೆಳೆಯುತ್ತದೆ, ಆದರೆ ನರ ಹಿಡಿದು ಹರಿದಾಡುವ ಚಾಳಿ ಜಾಸ್ತಿ.

ಹಾಗಾಗಿ ಆಪರೇಷನ್ನಿನಲ್ಲಿ ಗಡ್ಡೆಗಿಂತ ನರದ್ದೇ ಚಿಂತೆ. ಕತ್ತರಿಸಿದ ನರದ ತುದಿಯನ್ನು ಆಗಲೇ ಪರೀಕ್ಷೆಗೆ ಕಳಿಸಿದೆವು. ಇಪ್ಪತ್ತೈದು ನಿಮಿಷ ಕಾದೆವು. "ಇನ್ನೂ ಇದೆ" ಅಂತ ಫೋನ್ ಬಂತು. ಇನ್ನಷ್ಟು ಹಿಂದಕ್ಕೆ ಹೋಗಿ ಕತ್ತರಿಸಿದೆ. ಎರಡನೇ ತುದಿ ಸ್ವಚ್ಛ. ನಾಲಿಗೆಯ ಖಾಲಿ ಜಾಗಕ್ಕೆ ಮುಂಗೈಯ ಚರ್ಮವನ್ನು ರಕ್ತನಾಳ ಸಮೇತ ತಂದು ಹೊಲಿದೆವು.

ಆಮೇಲೆ ರೇಡಿಯೇಷನ್. ಜನ ಕರೆಂಟ್ ಕೊಡೋದು ಅಂತಾರಲ್ಲ, ಅದೇ. ದಿನಕ್ಕೆ 2 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ), 33 ಸಿಟ್ಟಿಂಗ್. ಕೀಮೋ ಕೊಡಲಿಲ್ಲ. ಈ ಜಾತಿಯ ಗಡ್ಡೆ ಅದಕ್ಕೆ ಅಷ್ಟಾಗಿ ಬಗ್ಗಲ್ಲ. ಆಹಾರ ಕೊಡಲು ಹಾಕಿದ್ದ ಮೂಗಿನ ಪೈಪ್ ತೆಗೆಯಲು ಎರಡು ತಿಂಗಳು ಹಿಡಿಯಿತು. ಮೊದಲು ಗಂಜಿ, ಆಮೇಲೆ ಮೆತ್ತಗಿನ ಅನ್ನ. 'ರ' ಇವತ್ತಿಗೂ ಸರಿಯಾಗಿ ಹೊರಡಲ್ಲ.

ನಾಲ್ಕನೇ ವರ್ಷದ ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲೊಂದು 4 ಮಿ.ಮೀ. ಚುಕ್ಕೆ ಕಂಡಿತು. ಈ ಕ್ಯಾನ್ಸರ್ ಹತ್ತು ವರ್ಷ ಬಿಟ್ಟೂ ಅಲ್ಲಿಗೆ ಹೋಗಬಹುದು. ಹೋದ ಮೇಲೂ ಎಷ್ಟೋ ಸಲ ವರ್ಷಗಟ್ಟಲೆ ಸುಮ್ಮನಿರುತ್ತದೆ. "ಈಗ್ಲೇ ಏನಾದ್ರೂ ಮಾಡ್ಬೇಕಾ?" ಎಂದು ಕೇಳಿದರು. ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದೆ. ಮುಂದಿನ ಸ್ಕ್ಯಾನಿನಲ್ಲೂ ಅದು 4 ಮಿ.ಮೀ. ಇತ್ತು.