ಒಂದೇ ಪ್ರಶ್ನೆಗೆ ಒಂದು ಪ್ರೊಟೊಟೈಪ್: ಎಐ ಕೋಡಿಂಗ್ ಟೂಲ್ ಬಳಸುವ ಬಗೆ

ಹೊಸ ಆ್ಯಪ್‌ನ ಯೋಚನೆ ಹೊಳೆದ ಕೂಡಲೇ ಎಐ ಕೋಡಿಂಗ್ ಟೂಲ್ ತೆರೆದು “ಸಂಗೀತ ಶಿಕ್ಷಕರಿಗೆ ಒಂದು ಆ್ಯಪ್ ಮಾಡಿಕೊಡು” ಎಂದು ಬರೆದರೆ ಸ್ವಲ್ಪ ಹೊತ್ತಿನಲ್ಲೇ ಏನೋ ಒಂದು ಸಿದ್ಧವಾಗುತ್ತದೆ. ಲಾಗಿನ್ ಇರುತ್ತದೆ, ಡ್ಯಾಶ್‌ಬೋರ್ಡ್ ಇರುತ್ತದೆ, ಯಾರೂ ಕೇಳದ ಗ್ರಾಫ್ ಕೂಡ ಇರುತ್ತದೆ. ಆ ಯೋಚನೆಯಲ್ಲಿ ಹುರುಳಿದೆಯೇ ಎಂಬುದು ಮಾತ್ರ ಗೊತ್ತಾಗಿರುವುದಿಲ್ಲ. ಕಟ್ಟುವ ಕೆಲಸ ಅಗ್ಗವಾಗಿರುವುದರಿಂದ, ಏನನ್ನು ಕಟ್ಟಬಾರದು ಎಂದು ತೀರ್ಮಾನಿಸುವುದಕ್ಕೇ ಈಗ ಹೆಚ್ಚು ತಲೆ ಓಡಿಸಬೇಕು.

ಮೊದಲು ಪ್ರಶ್ನೆ

ಪ್ರೊಟೊಟೈಪ್ ಎಂದರೆ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಕಟ್ಟುವ ತಾತ್ಕಾಲಿಕ ಮಾದರಿ. ಟೂಲ್ ಮುಟ್ಟುವ ಮುನ್ನ ಆ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಸಂಗೀತ ಶಿಕ್ಷಕರ ಉದಾಹರಣೆಯನ್ನೇ ಮುಂದುವರಿಸೋಣ: “ತಪ್ಪಿಹೋದ ಕ್ಲಾಸಿಗೆ ಬದಲಿ ಸಮಯವನ್ನು ವಿದ್ಯಾರ್ಥಿಗಳು ತಾವೇ ಆರಿಸಿಕೊಳ್ಳುತ್ತಾರೋ, ಇಲ್ಲ ಕೊನೆಗೂ ಶಿಕ್ಷಕರಿಗೇ ಫೋನ್ ಮಾಡುತ್ತಾರೋ?” ಇದಕ್ಕೆ ಉತ್ತರ ಸಿಗಲು ಬೇಕಾದದ್ದು ಒಂದು ಲಿಂಕ್, ಖಾಲಿ ಸಮಯಗಳ ಪಟ್ಟಿ, “ಇದೇ ಇರಲಿ” ಎನ್ನುವ ಬಟನ್, ಆರಿಸಿದ್ದು ಉಳಿಯಲು ಒಂದು ಜಾಗ, ಅಷ್ಟೇ. ಲಾಗಿನ್ ಬೇಡ, ಪಾವತಿ ಬೇಡ. ನೆನಪೋಲೆಯನ್ನು ಕೈಯಿಂದಲೇ ಕಳಿಸಬಹುದು.

ಸೋಲು ಎಂದರೆ ಏನು ಎಂಬುದನ್ನೂ ಈಗಲೇ ಬರೆದಿಡಿ. “5 ಜನರಿಗೆ ಲಿಂಕ್ ಕೊಟ್ಟಾಗ ಕನಿಷ್ಠ 3 ಜನ ಯಾರನ್ನೂ ಕೇಳದೆ ಬುಕಿಂಗ್ ಮುಗಿಸಬೇಕು” ಎಂಬಂಥ ಅಳತೆ ಸಾಕು. ಆಮೇಲೆ ಬರೆದರೆ, ಬಂದ ಫಲಿತಾಂಶಕ್ಕೆ ತಕ್ಕಂತೆ ಅಳತೆಗೋಲೇ ಬಾಗುತ್ತದೆ.

ಟೂಲ್ ಮತ್ತು ಸಾಮಗ್ರಿ

ಲವಬಲ್, ಬೋಲ್ಟ್, ರೆಪ್ಲಿಟ್‌ನಂಥವು ಬ್ರೌಸರ್‌ನಲ್ಲೇ ಕೋಡ್ ಬರೆದು, ಓಡಿಸಿ, ಲಿಂಕ್ ಕೊಡುತ್ತವೆ. ಕ್ಲಾಡ್ ಕೋಡ್, ಕರ್ಸರ್, ಗಿಟ್‌ಹಬ್ ಕೋಪೈಲಟ್‌ನಂಥವನ್ನು ನಿಮ್ಮ ಕಂಪ್ಯೂಟರ್‌ನ ಫೋಲ್ಡರ್‌ನಲ್ಲೇ ಕೆಲಸಕ್ಕೆ ಹಚ್ಚಬಹುದು. ಸ್ಕ್ರೀನ್ ಹೇಗಿರಬೇಕು ಎಂಬುದಷ್ಟೇ ಪ್ರಶ್ನೆಯಾಗಿದ್ದರೆ ಮೊದಲನೆಯವು ಬೇಗ ಮುಗಿಸಿಕೊಡುತ್ತವೆ. ಡೇಟಾ, ಲೆಕ್ಕಾಚಾರ, ಬೇರೆ ಸೇವೆಗಳ ಜೋಡಣೆ ಇದ್ದರೆ ಎರಡನೆಯವೇ ವಾಸಿ.

ಪ್ರೋಗ್ರಾಮಿಂಗ್ ಭಾಷೆ, ಫ್ರೇಮ್‌ವರ್ಕ್ ವಿಷಯದಲ್ಲಿ ಹಳೆಯ, ಸಪ್ಪೆಯಾದ ಆಯ್ಕೆಯೇ ಒಳ್ಳೆಯದು. ಬಹಳ ಜನ ಬಳಸಿದ್ದರ ಬಗ್ಗೆ ಮಾಡೆಲ್ (ಟೂಲ್‌ನ ಒಳಗಿರುವ ಎಐ) ಹೆಚ್ಚು ಕಲಿತಿರುತ್ತದೆ. ಮೊನ್ನೆ ಬಂದ ಲೈಬ್ರರಿಗೆ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಅದು ಹಳೆಯ ಆವೃತ್ತಿಯ ಕೋಡ್ ಬರೆಯುತ್ತದೆ. ಒಂದು ಚಿಕ್ಕ ಸರ್ವರ್, ಸಾದಾ ವೆಬ್ ಪುಟ, ಒಂದೇ ಫೈಲ್‌ನಲ್ಲಿ ಕೂರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಇದ್ದರೆ ಸಾಮಾನ್ಯವಾಗಿ ಸಾಕು. ಒಂದು ಎಚ್ಚರಿಕೆ: ಡೇಟಾ ಎಲ್ಲಿಡಬೇಕು ಎಂದು ನೀವು ಹೇಳದಿದ್ದರೆ ಟೂಲ್ ಹಲವು ಸಲ ಬ್ರೌಸರ್‌ನ ಲೋಕಲ್ ಸ್ಟೋರೇಜ್ ಬಳಸಿಬಿಡುತ್ತದೆ. ಅದು ಆ ಒಂದು ಬ್ರೌಸರ್‌ಗೆ ಮಾತ್ರ ಸೇರಿದ್ದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಸರಿಯಾಗಿ ಓಡುತ್ತದೆ, ಆದರೆ ವಿದ್ಯಾರ್ಥಿ ಆರಿಸಿದ ಸಮಯ ಶಿಕ್ಷಕರ ಫೋನಿನಲ್ಲಿ ಕಾಣುವುದೇ ಇಲ್ಲ.

ಅರ್ಧ ಪುಟದ ಸ್ಪೆಕ್

ಸ್ಪೆಕ್ ಎಂದರೆ ಆ್ಯಪ್ ಏನು ಮಾಡಬೇಕು ಎಂಬ ವಿವರಣೆ. ಅದು ಹತ್ತು ಪುಟ ಬೇಡ, ಒಂದು ಸಾಲಿನ ಪ್ರಾಂಪ್ಟೂ (ಟೂಲ್‌ಗೆ ಬರೆಯುವ ಸೂಚನೆ) ಬೇಡ. ಇಷ್ಟಿದ್ದರೆ ನಡೆಯುತ್ತದೆ:

“ಬಳಸುವವರು: ವಿದ್ಯಾರ್ಥಿ, ಶಿಕ್ಷಕರು. ವಿದ್ಯಾರ್ಥಿಗೆ ತನ್ನದೇ ಲಿಂಕ್ ಬರುತ್ತದೆ. ತೆರೆದಾಗ ಮುಂದಿನ 14 ದಿನಗಳ ಖಾಲಿ ಸಮಯಗಳು ಕಾಣಬೇಕು. ಒಂದನ್ನು ಒತ್ತಿ ಖಚಿತಪಡಿಸಬೇಕು. ಶಿಕ್ಷಕರಿಗೆ ಇನ್ನೊಂದು ಪುಟದಲ್ಲಿ ಬುಕಿಂಗ್ ಪಟ್ಟಿ. ಒಂದು ಸಮಯ ಒಬ್ಬರಿಗೆ ಮಾತ್ರ. ಡೇಟಾ ಎಸ್‌ಕ್ಯೂಲೈಟ್‌ನಲ್ಲಿ. ಲಾಗಿನ್, ಪಾವತಿ, ಇಮೇಲ್, ಡಾರ್ಕ್ ಮೋಡ್ ಬೇಡ. ಫೋನ್ ಸ್ಕ್ರೀನ್‌ನಲ್ಲಿ ಚೆನ್ನಾಗಿ ಕಾಣಬೇಕು.”

ಇದರಲ್ಲಿ “ಬೇಡ” ಎಂಬ ಸಾಲಿಗೇ ತೂಕ ಹೆಚ್ಚು. ಅದಿಲ್ಲದಿದ್ದರೆ ಮಾಡೆಲ್ ತನಗೆ ತೋಚಿದ್ದನ್ನೆಲ್ಲ ಸೇರಿಸುತ್ತದೆ, ಸೇರಿಸಿದ್ದೆಲ್ಲ ಮುಂದೆ ಕೆಡುವ ಜಾಗವಾಗುತ್ತದೆ. ಪ್ರಾಂಪ್ಟ್ ಕನ್ನಡದಲ್ಲಿದ್ದರೂ ನಡೆಯುತ್ತದೆ. ಡೇಟಾಬೇಸ್‌ನ ಟೇಬಲ್ ಮತ್ತು ಫೈಲ್‌ಗಳ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲೇ ಇಡಲು ಹೇಳಿ.

ಬದಲಾಗದ ಸೂಚನೆಗಳನ್ನು ಪ್ರತಿ ಸಲ ಬರೆಯುವ ಬದಲು ಫೋಲ್ಡರ್‌ನಲ್ಲಿ ಒಂದು ಸೂಚನಾ ಫೈಲ್ ಇಡಿ. ಕ್ಲಾಡ್ ಕೋಡ್‌ಗೆ ಅದು ಕ್ಲಾಡ್ ಡಾಟ್ ಎಂಡಿ. ಬೇರೆ ಅನೇಕ ಟೂಲ್‌ಗಳು ಏಜೆಂಟ್ಸ್ ಡಾಟ್ ಎಂಡಿ ಓದುತ್ತವೆ. ಆ್ಯಪ್ ಓಡಿಸುವ ಕಮಾಂಡ್ ಯಾವುದು, ಯಾವ ಲೈಬ್ರರಿ ಸಾಕು, ಏನು ಮಾಡಬಾರದು ಎಂಬಷ್ಟೇ ಅದರಲ್ಲಿರಲಿ.

ಸ್ಪೆಕ್ ಕೊಟ್ಟ ಮೇಲೆ ಮೊದಲ ಮಾತು: “ಈಗಲೇ ಕೋಡ್ ಬರೆಯಬೇಡ. ಯಾವ ಫೈಲ್‌ಗಳು, ಯಾವ ಟೇಬಲ್‌ಗಳು ಎಂಬ ಪ್ಲಾನ್ ಕೊಡು. ಸ್ಪಷ್ಟವಿಲ್ಲದ್ದನ್ನು ನನ್ನನ್ನು ಕೇಳು.” ಬಂದ ಪ್ಲಾನ್ ಓದಿ, ಹೆಚ್ಚಾದದ್ದನ್ನು ಹೊಡೆದುಹಾಕಿ. ಎರಡು ನಿಮಿಷದ ಈ ಓದು ಆಮೇಲಿನ ಎರಡು ಗಂಟೆ ಉಳಿಸುತ್ತದೆ.

ತುಂಡು ತುಂಡಾಗಿ ಕಟ್ಟುವುದು

ಮೊದಲ ತುಂಡಿನಲ್ಲಿ ಖಾಲಿ ಸಮಯಗಳು ಸ್ಕ್ರೀನ್ ಮೇಲೆ ಕಂಡರೆ ಸಾಕು. ಎರಡನೆಯದರಲ್ಲಿ ಒತ್ತಿದ್ದು ಡೇಟಾಬೇಸ್ ಸೇರಬೇಕು. ಮೂರನೆಯದು ಶಿಕ್ಷಕರ ಪುಟ. ಪ್ರತಿ ತುಂಡು ಮುಗಿದಾಗಲೂ ನೀವೇ ಬ್ರೌಸರ್‌ನಲ್ಲಿ ಬಟನ್ ಒತ್ತಿ ನೋಡಿ, ಆಮೇಲೆ ಪುಟವನ್ನು ರಿಫ್ರೆಶ್ ಮಾಡಿ, ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿ. ಆಗಲೂ ಬುಕಿಂಗ್ ಉಳಿದಿದ್ದರೆ ಅದು ನಿಜವಾಗಿ ಸೇವ್ ಆಗಿದೆ. “ಎಲ್ಲ ಮುಗಿದಿದೆ, ಪರೀಕ್ಷಿಸಿದ್ದೇನೆ” ಎಂದು ಟೂಲ್ ಹೇಳಿದ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸರಿಯಾಗಿ ಓಡಿದ ಕೂಡಲೇ ಗಿಟ್‌ನಲ್ಲಿ (ಕೋಡ್‌ನ ಹಳೆಯ ಸ್ಥಿತಿಗಳನ್ನು ಕಾಪಾಡುವ ಟೂಲ್) ಕಮಿಟ್ ಮಾಡಿ, ಅಂದರೆ ಆಗಿನ ಸ್ಥಿತಿಯನ್ನು ಉಳಿಸಿಡಿ. ಗಿಟ್ ಹೊಸದಾದರೆ ಇನಿಟ್, ಆ್ಯಡ್, ಕಮಿಟ್, ರಿಸೆಟ್ ಎಂಬ ನಾಲ್ಕು ಕಮಾಂಡ್‌ಗಳು ಪ್ರೊಟೊಟೈಪ್‌ಗೆ ಸಾಕು.

ಎರರ್ ಬಂದಾಗ “ಕೆಲಸ ಮಾಡ್ತಿಲ್ಲ” ಎಂದಷ್ಟೇ ಬರೆದರೆ ಮಾಡೆಲ್ ಊಹೆಯ ಮೇಲೆ ಊಹೆ ಮಾಡುತ್ತದೆ. ಬ್ರೌಸರ್ ಕನ್ಸೋಲ್ ಮತ್ತು ಟರ್ಮಿನಲ್‌ನಲ್ಲಿರುವ ಎರರ್ ಅನ್ನು ಪೂರ್ತಿ ಅಂಟಿಸಿ. ಏನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು ಎಂದು ಮೂರು ಸಾಲು ಸೇರಿಸಿ. ಎರಡು ಪ್ರಯತ್ನಕ್ಕೂ ಸರಿಹೋಗದಿದ್ದರೆ ಮೂರನೆಯ ಸಲ ಕೇಳಬೇಡಿ. ಅಷ್ಟರಲ್ಲಿ ಸಂಭಾಷಣೆಯ ತುಂಬ ಸೋತ ಪ್ರಯತ್ನಗಳೇ ಇರುತ್ತವೆ, ಮಾಡೆಲ್ ಅವುಗಳ ಮೇಲೆಯೇ ತೇಪೆ ಹಾಕುತ್ತಾ ಹೋಗುತ್ತದೆ. ಹಿಂದಿನ ಕಮಿಟ್‌ಗೆ ಮರಳಿ, ಹೊಸ ಸಂಭಾಷಣೆ ತೆರೆದು, ಎರರ್ ಜೊತೆಗೆ “ಇದು, ಇದು ಮಾಡಿ ನೋಡಾಗಿದೆ” ಎಂದಷ್ಟೇ ತಿಳಿಸಿ. ಖರ್ಚಿನ ದೃಷ್ಟಿಯಿಂದಲೂ ಇದು ಒಳ್ಳೆಯದು: ಪ್ರತಿ ಸಲವೂ ಹಿಂದಿನ ಮಾತುಕತೆಯೆಲ್ಲ ಮಾಡೆಲ್‌ಗೆ ಮತ್ತೆ ಹೋಗುತ್ತದೆ, ಉದ್ದವಾದಷ್ಟೂ ಟೋಕನ್ (ಖರ್ಚಿನ ಲೆಕ್ಕಕ್ಕೆ ಬರುವ ಪಠ್ಯದ ತುಣುಕು) ಹೆಚ್ಚು.

ಕೆಡುವ ಜಾಗಗಳು

ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಸುಳ್ಳು ಯಶಸ್ಸು. ಸರ್ವರ್‌ನಿಂದ ಉತ್ತರ ಬರದಿದ್ದರೆ ಮಾದರಿ ಡೇಟಾ ತೋರಿಸುವಂತೆ ಟೂಲ್ ಕೋಡ್ ಬರೆದಿರುತ್ತದೆ. ಸ್ಕ್ರೀನ್ ತುಂಬಿ ತುಳುಕುತ್ತಿರುತ್ತದೆ, ಹಿಂದೆ ಏನೂ ಇರುವುದಿಲ್ಲ. ಪತ್ತೆ ಹಚ್ಚುವುದು ಸುಲಭ. ಪುಟ ತೆರೆದಿರುವಾಗಲೇ ಸರ್ವರ್ ನಿಲ್ಲಿಸಿ, ಒಂದು ಸಮಯ ಆರಿಸಿ ನೋಡಿ. ಆಗಲೂ “ಬುಕ್ ಆಯಿತು” ಎಂದು ಬಂದರೆ ಆ ಬಟನ್ ಬರೀ ಬಣ್ಣ. “ವಿಫಲವಾದರೆ ಎರರ್ ತೋರಿಸು, ನಕಲಿ ಡೇಟಾ ಹಾಕಬೇಡ” ಎಂಬುದು ಸೂಚನಾ ಫೈಲ್‌ನ ಮೊದಲ ಸಾಲಾಗಿರಲಿ. ಇದರ ಇನ್ನೊಂದು ರೂಪವೂ ಉಂಟು: ಟೆಸ್ಟ್ (ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಕೋಡ್) ಫೇಲಾದಾಗ ಕೋಡ್ ತಿದ್ದುವ ಬದಲು ಟೆಸ್ಟನ್ನೇ ತಿದ್ದಿ ಪಾಸ್ ಮಾಡಿಸುವುದು. ಟೆಸ್ಟ್ ಫೈಲ್‌ಗಳಲ್ಲಿ ಏನು ಬದಲಾಗಿದೆ ಎಂದು ಕಮಿಟ್‌ಗೆ ಮುಂಚೆ ಒಮ್ಮೆ ಕಣ್ಣಾಡಿಸಿ.

ಬುಕಿಂಗ್‌ನಂಥ ಆ್ಯಪ್‌ಗಳಲ್ಲಿ ದಿನಾಂಕ ಕಾಡದೆ ಬಿಡುವುದಿಲ್ಲ. ಜಾವಾಸ್ಕ್ರಿಪ್ಟ್ ತಿಂಗಳುಗಳನ್ನು 0ಯಿಂದ ಎಣಿಸುತ್ತದೆ, ಜನವರಿ ಎಂದರೆ 0. ಅದಕ್ಕೆ “2025-03-10” ಎಂದು ಬರೀ ದಿನಾಂಕ ಕೊಟ್ಟರೆ ಅದನ್ನು ಯುಟಿಸಿ (ಜಗತ್ತಿನ ಪ್ರಮಾಣ ಸಮಯ) ಮಧ್ಯರಾತ್ರಿ ಎಂದುಕೊಳ್ಳುತ್ತದೆ; ಯುಟಿಸಿಗಿಂತ ಹಿಂದಿರುವ ವಲಯದಲ್ಲಿ ತೆರೆದವರಿಗೆ 9ನೇ ತಾರೀಕು ಕಾಣುತ್ತದೆ. ಸಮಯವನ್ನು ಯುಟಿಸಿಯಲ್ಲಿ ಉಳಿಸಿ ಸ್ಥಳೀಯವಾಗಿ ತೋರಿಸಲು ಹೇಳಿ, ಕಂಪ್ಯೂಟರ್‌ನ ಟೈಮ್ ಝೋನ್ ಬದಲಾಯಿಸಿ ಒಮ್ಮೆ ನೋಡಿ.

ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ಸಮಯ ಆರಿಸಿದರೆ? “ಖಾಲಿ ಇದೆಯಾ ಎಂದು ನೋಡು, ಇದ್ದರೆ ಬರೆ” ಎಂಬ ಕೋಡ್‌ನಲ್ಲಿ, ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇನ್ನೊಬ್ಬರು ನುಸುಳಬಹುದು. ಸಮಯದ ಕಾಲಂಗೆ ಡೇಟಾಬೇಸ್‌ನಲ್ಲೇ ಯುನೀಕ್ ನಿರ್ಬಂಧ (ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆ) ಹಾಕಿಸಿದರೆ ಎರಡನೆಯ ಬುಕಿಂಗ್ ತಾನಾಗಿಯೇ ತಿರಸ್ಕೃತವಾಗುತ್ತದೆ.

ಮಾಡೆಲ್ ಹೇಳುವ ಲೈಬ್ರರಿ ಪ್ಯಾಕೇಜ್‌ಗಳೆಲ್ಲ ಇರಲೇಬೇಕೆಂದಿಲ್ಲ. ಅದು ಕೆಲವೊಮ್ಮೆ ಇಲ್ಲದ ಹೆಸರು ಹುಟ್ಟಿಸುತ್ತದೆ, ಆ ಹೆಸರಿನಲ್ಲೇ ಯಾರಾದರೂ ದುರುದ್ದೇಶದ ಪ್ಯಾಕೇಜ್ ಹಾಕಿಟ್ಟಿರಬಹುದು. ಗೊತ್ತಿಲ್ಲದ್ದನ್ನು ಇನ್‌ಸ್ಟಾಲ್ ಮಾಡುವ ಮೊದಲು ಅದು ಯಾವಾಗಿನದು, ಎಷ್ಟು ಡೌನ್‌ಲೋಡ್ ಇದೆ, ಮೂಲ ಕೋಡ್ ಎಲ್ಲಿದೆ ಎಂದು ನೋಡಿ.

ಎಪಿಐ ಕೀ (ಬೇರೆ ಸೇವೆಯನ್ನು ಬಳಸಲು ಬೇಕಾದ ಗುಟ್ಟಿನ ಸಂಕೇತ) ಬ್ರೌಸರ್ ಕೋಡ್‌ನಲ್ಲಿದ್ದರೆ ಪುಟ ತೆರೆದ ಯಾರಿಗೂ ಕಾಣುತ್ತದೆ. ಕೀಯನ್ನು ಸರ್ವರ್‌ನ ಎನ್ವ್ ಫೈಲ್‌ನಲ್ಲಿಟ್ಟು, ಆ ಫೈಲನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿ) ಸೇರಿಸಿ. ತಪ್ಪಿ ಕಮಿಟ್ ಆಗಿ ಹೊರಗೆ ಹೋಗಿದ್ದರೆ ಫೈಲ್ ಅಳಿಸಿ ಪ್ರಯೋಜನವಿಲ್ಲ, ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇರುತ್ತದೆ. ಕೀಯನ್ನೇ ರದ್ದು ಮಾಡಿ ಹೊಸದು ಪಡೆಯಬೇಕು. ಹಣ ಕೊಟ್ಟು ಬಳಸುವ ಸೇವೆಯಾದರೆ ಖರ್ಚಿನ ಮಿತಿಯನ್ನೂ ಮೊದಲೇ ಹಾಕಿಡಿ. ಕಮಾಂಡ್ ಓಡಿಸಲು ಟೂಲ್‌ಗೆ ಪೂರ್ತಿ ಅನುಮತಿ ಕೊಡುವುದಾದರೆ, ಬೇರೆ ಫೈಲ್‌ಗಳಿಲ್ಲದ ಪ್ರತ್ಯೇಕ ಜಾಗದಲ್ಲಿ, ನಿಜವಾದ ಗ್ರಾಹಕರ ಡೇಟಾ ಇಲ್ಲದೆ ಮಾತ್ರ.

ಜನರ ಕೈಗೆ

ಕೊಡುವ ಮುನ್ನ ಒಡ್ಡೊಡ್ಡಾದ ಡೇಟಾ ತುಂಬಿಸಿ: 40 ಅಕ್ಷರದ ಹೆಸರು, ಒಂದೂ ಖಾಲಿ ಸಮಯವಿಲ್ಲದ ವಾರ, 60 ಸಮಯಗಳಿರುವ ವಾರ. ಅಂದವಾದ ಮೂರು ಸಾಲಿನ ಮಾದರಿ ಡೇಟಾದಲ್ಲಿ ಯಾವ ಸ್ಕ್ರೀನೂ ಚೆನ್ನಾಗಿಯೇ ಕಾಣುತ್ತದೆ. ಪುಟ ತೆರೆದದ್ದು, ಸಮಯ ಒತ್ತಿದ್ದು, ಖಚಿತಪಡಿಸಿದ್ದು, ಈ ಮೂರನ್ನು ಗಳಿಗೆ ಸಮೇತ ಒಂದು ಟೇಬಲ್‌ಗೆ ಬರೆಸಿ. ಜನ ಎಲ್ಲಿ ನಿಂತರು ಎಂಬುದು ಅದರಲ್ಲೇ ಸಿಗುತ್ತದೆ.

ಐವರಿಗೆ ಲಿಂಕ್ ಕೊಟ್ಟು, ಪಕ್ಕದಲ್ಲಿದ್ದರೂ ಬಾಯಿ ಬಿಡಬೇಡಿ. “ಅಲ್ಲಿ ಒತ್ತಿ” ಎಂದು ಹೇಳಿದ ಕ್ಷಣ ಆ ಪರೀಕ್ಷೆ ಕೆಟ್ಟಿತು. ಚೆನ್ನಾಗಿದೆ ಎಂಬ ಹೊಗಳಿಕೆಗಿಂತ, ಮಾರನೆಯ ದಿನ ಅವರಲ್ಲಿ ಎಷ್ಟು ಜನ ಶಿಕ್ಷಕರಿಗೆ ಫೋನ್ ಮಾಡಿದರು ಎಂಬ ಸಂಖ್ಯೆಗೆ ಬೆಲೆ ಕೊಡಿ.

ಎಐ ಸಂಶೋಧಕ ಆಂಡ್ರೆ ಕಾರ್ಪಥಿ 2025ರ ಫೆಬ್ರವರಿಯಲ್ಲಿ, ಎಐ ಬರೆದ ಕೋಡ್ ಓದದೆಯೇ ಒಪ್ಪಿಕೊಂಡು ಕಟ್ಟುವ ಬಗೆಗೆ “ವೈಬ್ ಕೋಡಿಂಗ್” ಎಂಬ ಹೆಸರು ಕೊಟ್ಟಾಗಲೂ, ವಾರಾಂತ್ಯದಲ್ಲಿ ಮಾಡಿ ಬಿಸಾಡುವ ಪ್ರಾಜೆಕ್ಟ್‌ಗಳಿಗೆ ಅದು ಪರವಾಗಿಲ್ಲ ಎಂದೇ ಹೇಳಿದ್ದರು. ಉತ್ತರ “ಹೌದು” ಎಂದು ಬಂದರೂ ಇದೇ ಕೋಡ್ ಮೇಲೆ ಅಸಲಿ ಉತ್ಪನ್ನ ಕಟ್ಟಲು ಹೋಗಬೇಡಿ. ಲಾಗಿನ್ ಇಲ್ಲದೆ ಶುರುವಾದದ್ದಕ್ಕೆ ಆಮೇಲೆ ಲಾಗಿನ್ ತುರುಕುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟ. ಸ್ಪೆಕ್ ಮತ್ತು ಜನ ಎಡವಿದ ಜಾಗಗಳ ಟಿಪ್ಪಣಿ ಇಟ್ಟುಕೊಳ್ಳಿ. ಲಿಂಕ್ ಮುಚ್ಚಿ, ಕೀಗಳನ್ನು ರದ್ದು ಮಾಡಿ, ಪರೀಕ್ಷೆಗೆ ಬಂದವರ ಹೆಸರು ಮತ್ತು ಫೋನ್ ನಂಬರ್ ಇರುವ ಡೇಟಾಬೇಸ್ ಫೈಲನ್ನು ಅಳಿಸಿ.