ದುರ್ಗದಿಂದ ಸೀರೆ ಕಳಿಸುವಾಗ: ಬಿಲ್ಲು, ವಾಪಸ್ಸು, ವಿಳಾಸ

ಮೊಳಕಾಲ್ಮೂರಿನ ಮಗ್ಗದ ರೇಷ್ಮೆ ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುವುದು ನನ್ನ ಕೆಲಸ. ಸೀರೆ ನೇಯುವವರು ಅಲ್ಲಿಯವರು. ಫೋಟೋ, ಬಿಲ್ಲು, ಪ್ಯಾಕಿಂಗ್ ಎಲ್ಲ ಚಿತ್ರದುರ್ಗದಲ್ಲಿ. ಸ್ವಂತ ವೆಬ್‌ಸೈಟ್ ಇದೆ, ವಾಟ್ಸಾಪ್ ಇದೆ, ಒಂದು ದೊಡ್ಡ ಮಾರಾಟ ತಾಣದಲ್ಲೂ ಖಾತೆ ಇದೆ. ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳುವುದು ಫೋಟೋ ಹೇಗೆ ತೆಗೆಯುತ್ತೀರಿ, ಯಾವ ಕೊರಿಯರ್ ಒಳ್ಳೆಯದು ಅಂತ. ನಾನು ಅವರಿಗೆ ಕೇಳುವುದು ಬೇರೆ: ಪಾರ್ಸಲ್ ಎಲ್ಲಿಗೆ ಹೋಗುತ್ತದೆ? ಕಾನೂನಿನ ಅರ್ಧ ತಲೆನೋವು ಆ ವಿಳಾಸದ ಚೀಟಿಯಿಂದಲೇ ಶುರುವಾಗುತ್ತದೆ.

ಜಿಎಸ್‌ಟಿಯನ್ನೇ ನೋಡಿ. ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಡ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದ ಮೇಲೆ ಬೇಕರಿಯವರ ಬಾಯಲ್ಲೂ ಇದೇ 40 ಲಕ್ಷ. ಆದರೆ ಆ ಮಿತಿ ರಾಜ್ಯದೊಳಗೆ ಮಾರುವವರಿಗೆ. ಗಡಿ ದಾಟಿ ಮಾರಿದರೆ ವಹಿವಾಟು ಎಷ್ಟೇ ಕಡಿಮೆ ಇರಲಿ, ನೋಂದಣಿ ಕಡ್ಡಾಯ. ಪಟ್ಟಿಯಲ್ಲಿರುವ ಕೆಲವು ಕರಕುಶಲ ವಸ್ತುಗಳಿಗೆ ಸಡಿಲಿಕೆ ಇದೆ, ಅಷ್ಟೇ. ನಮ್ಮ ಕಡೆಯವರಿಗೆ ಇದು ಸ್ವಲ್ಪ ವಿಚಿತ್ರ. ಮೊಳಕಾಲ್ಮೂರಿನವರಿಗೆ ಚಿತ್ರದುರ್ಗಕ್ಕಿಂತ ಆಂಧ್ರದ ರಾಯದುರ್ಗವೇ ಹತ್ತಿರ. ಸೀರೆ ಬೀದರಿಗೆ ಹೋದರೆ ರಾಜ್ಯದೊಳಗೆ, ಪಕ್ಕದ ರಾಯದುರ್ಗಕ್ಕೆ ಹೋದರೆ ಹೊರಗೆ!

ದೊಡ್ಡ ತಾಣಗಳ ಮೂಲಕ ಮಾರಲು ಮೊದಲು ಎಲ್ಲರಿಗೂ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿದ್ದು ಒಂದೇ ರಾಜ್ಯದಲ್ಲಿ ಮಾರುವವರಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಂಡರೆ ಸಾಕು. ರುಚಿ ನೋಡುವವರಿಗೆ ಇದು ಒಳ್ಳೆಯ ದಾರಿ. ನನ್ನ ಗಿರಾಕಿಗಳು ಪುಣೆ, ಹೈದರಾಬಾದ್‌ನಲ್ಲೂ ಇರುವುದರಿಂದ ನಾನು ನೇರವಾಗಿ ನೋಂದಣಿಯೇ ಮಾಡಿಸಿದೆ.

ರೇಷ್ಮೆ ಸೀರೆಗೆ ತೆರಿಗೆ ಶೇ 5. ಬೆಂಗಳೂರಿಗೆ ಹೋದರೆ ಅದು ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಅಂತ ಒಡೆಯುತ್ತದೆ. ಪುಣೆಗೆ ಹೋದರೆ ಪೂರ್ತಿ ಐಜಿಎಸ್‌ಟಿ, ಅಂದರೆ ರಾಜ್ಯ ದಾಟುವ ಮಾರಾಟದ ಜಿಎಸ್‌ಟಿ. ಗೊಂದಲ ಬರುವುದು ಗಿಫ್ಟ್ ಆರ್ಡರಿನಲ್ಲಿ. ಗೌರಿ ಹಬ್ಬದ ಹೊತ್ತಿಗೆ ಇವು ಜಾಸ್ತಿ. ಬೆಂಗಳೂರಿನ ಅಣ್ಣ ದುಡ್ಡು ಕೊಡುತ್ತಾನೆ, ಸೀರೆ ಸೊಲ್ಲಾಪುರದ ತಂಗಿಗೆ ಹೋಗಬೇಕು. ಬಿಲ್ಲು ಯಾವ ರಾಜ್ಯದ್ದು? ನೋಂದಣಿ ಇಲ್ಲದ ಗಿರಾಕಿಯಾದರೆ ಪಾರ್ಸಲ್ ಮುಟ್ಟುವ ವಿಳಾಸವೇ ಲೆಕ್ಕಕ್ಕೆ ಅಂತ 2024ರ ಜೂನ್‌ನಲ್ಲಿ ಸುತ್ತೋಲೆ ಬಂತು. ಹಾಗಾಗಿ ಅದು ಐಜಿಎಸ್‌ಟಿ. ಸಾಗಣೆ ವೆಚ್ಚವನ್ನು ಗಿರಾಕಿಯಿಂದ ಬೇರೆಯಾಗಿ ತೆಗೆದುಕೊಂಡರೂ ಅದಕ್ಕೆ ಸೀರೆಯ ದರವೇ, ಅಂದರೆ ಶೇ 5. ಕೊರಿಯರಿನವರು ನಮಗೆ ಶೇ 18 ಹಾಕುತ್ತಾರಲ್ಲ, ಅದು ಬೇರೆ ಲೆಕ್ಕ.

ತಾಣದವರು ನಮಗೆ ಕೊಡುವ ದುಡ್ಡಿನಿಂದ ಟಿಸಿಎಸ್ ಅಂತ ಒಂದಿಷ್ಟು ತೆರಿಗೆ ಮೊದಲೇ ಹಿಡಿಯುತ್ತಾರೆ. ಮೊದಲು ಶೇ 1 ಇತ್ತು, 2024ರ ಜುಲೈನಿಂದ ಅರ್ಧ. ಇದನ್ನು ಖರ್ಚು ಅಂತ ಬರೆದು ಮರೆಯಬೇಡಿ. ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಟ್ಟರೆ ನಮ್ಮ ಕ್ಯಾಶ್ ಲೆಡ್ಜರಿಗೆ, ಅಂದರೆ ಅಲ್ಲಿರುವ ನಮ್ಮ ತೆರಿಗೆ ಖಾತೆಗೆ ಬರುತ್ತದೆ. ಕೊಡದಿದ್ದರೆ ಸುಮ್ನೆ ಅಲ್ಲೇ ಕೂತಿರುತ್ತದೆ. ಉಳಿದ ಜಿಎಸ್‌ಟಿ ರಿಟರ್ನ್ ಕೆಲಸವನ್ನು ನಮ್ಮ ಆಡಿಟರ್ ನೋಡಿಕೊಳ್ಳುತ್ತಾರೆ.

ಸೀರೆ ವಾಪಸ್ಸಿನ ವಿಷಯಕ್ಕೆ ಆಡಿಟರ್ ಇಲ್ಲ. ಅದನ್ನು ನಾವೇ ಓದಿಕೊಳ್ಳಬೇಕು. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಅಂತ ಅಂಗಡಿಗಳಲ್ಲಿ ಬೋರ್ಡ್ ನೋಡಿ ಬೆಳೆದವರು ನಾವು. 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳಲ್ಲಿ ಆ ಬೋರ್ಡಿಗೆ ಜಾಗವಿಲ್ಲ. ದೋಷವಿದ್ದರೆ, ತೋರಿಸಿದ್ದೊಂದು ಕಳಿಸಿದ್ದೊಂದು ಆಗಿದ್ದರೆ, ಹೇಳಿದ ದಿನಕ್ಕೆ ಮುಟ್ಟದಿದ್ದರೆ ವಾಪಸ್ ತೆಗೆದುಕೊಳ್ಳಲೇಬೇಕು. ಒಮ್ಮೆ ಬಾಗಲಕೋಟೆಯ ಗಿರಾಕಿಯೊಬ್ಬರು ಗಿಳಿಹಸಿರು ಕೇಳಿದ್ದೆ, ಇದು ಎಲೆಹಸಿರು ಅಂದರು. ಪ್ಯಾಕಿಂಗ್ ನೋಡಿಕೊಳ್ಳುವ ತಮ್ಮ, “ಬಿಡಕ್ಕಾ, ಅಷ್ಟಕ್ಕೆಲ್ಲ ಕೋರ್ಟಿಗೆ ಹೋಗ್ತಾರಾ?” ಅಂದ. ಹೋಗಬಹುದು. 2019ರ ಗ್ರಾಹಕ ಕಾಯ್ದೆಯ ಪ್ರಕಾರ ಅವರು ತಮ್ಮ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಬಾಗಲಕೋಟೆಗೆ ಓಡಾಡಬೇಕಾದವಳು ನಾನು. ಸೀರೆ ವಾಪಸ್ ತರಿಸಿ, ಬಿಲ್ಲಿನ ಮೊತ್ತ ಕಳೆಯುವ ಕ್ರೆಡಿಟ್ ನೋಟ್ ಹಾಕಿ, ದುಡ್ಡು ಮರಳಿಸಿದೆ. ಭಯಕ್ಕಲ್ಲ. ಫೋನಿನ ಪರದೆಯಲ್ಲಿ ಹಸಿರು ಹಸಿರಾಗಿಯೇ ಕಾಣುವುದಿಲ್ಲ, ಅವರ ಮಾತಿನಲ್ಲಿ ನ್ಯಾಯ ಇತ್ತು. ಈಗ ಪ್ರತಿ ಸೀರೆಯ ಸೆರಗನ್ನೂ ಅಂಚನ್ನೂ ಬಿಸಿಲಿನಲ್ಲಿ ಒಂದು, ನೆರಳಿನಲ್ಲಿ ಒಂದು ಫೋಟೋ ಹಾಕುತ್ತೇನೆ. ಮಗ್ಗದ ಸೀರೆಯಲ್ಲಿ ಅಲ್ಲಲ್ಲಿ ನೂಲಿನ ಗಂಟು ಸಿಗುತ್ತದೆ ಅಂತ ಮೊದಲೇ ಬರೆಯುತ್ತೇನೆ. ಮುಟ್ಟುವ ದಿನವನ್ನು ಕೊರಿಯರಿನವರು ಹೇಳಿದ್ದಕ್ಕಿಂತ ಜಾಸ್ತಿಯೇ ಹಾಕುತ್ತೇನೆ.

ವೆಬ್‌ಸೈಟಿನಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು, ನಂಬರ್ ಇರಬೇಕು. ದೂರು ಬಂದ 48 ಗಂಟೆಯೊಳಗೆ ‘ಬಂದಿದೆ’ ಅಂತ ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ನಮ್ಮಲ್ಲಿ ಆ ಅಧಿಕಾರಿ ನಾನೇ, ಸೀರೆ ಮಡಿಸುವವಳೂ ನಾನೇ. ಚಿಕ್ಕಮ್ಮನ ಮಗಳ ಹೆಸರಿನಲ್ಲಿ ನಾವೇ ಐದು ಸ್ಟಾರ್ ಬರೆದುಕೊಳ್ಳುವ ಹಾಗಿಲ್ಲ. ‘ಒಂದೇ ಉಳಿದಿದೆ, ಬೇಗ ಕೊಳ್ಳಿ’ ಅಂತ ಸುಳ್ಳು ಅವಸರ ಹುಟ್ಟಿಸುವುದನ್ನೂ 2023ರ ಮಾರ್ಗಸೂಚಿ ತಡೆಯುತ್ತದೆ. ಮಗ್ಗದ ಸೀರೆಯಲ್ಲಿ ಎಷ್ಟೋ ಸಲ ನಿಜವಾಗಿಯೂ ಒಂದೇ ಇರುತ್ತದೆ ಅನ್ನಿ. ಮೊಳಕಾಲ್ಮೂರು ಸೀರೆಗೆ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಇದೆ, ಪವರ್‌ಲೂಮ್ ಸೀರೆಗೆ ಆ ಹೆಸರು ಅಂಟಿಸಿದರೆ ಅದು ಬೇರೆಯೇ ಕೇಸು.

ಇನ್ನು ಗ್ರಾಹಕರ ನಂಬರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಇದೆ. ನಾನು ಕಾಯಲಿಲ್ಲ. ಪಾರ್ಸಲ್ ಕಳಿಸಲು ಕೊಟ್ಟ ನಂಬರಿಗೆ ದಿನಾ ಹೊಸ ಸೀರೆ ಫೋಟೋ ಕಳಿಸುವುದು ಬೇರೆ ಕೆಲಸ, ಅದಕ್ಕೆ ಬೇರೆ ಒಪ್ಪಿಗೆ ಬೇಕು ಅಲ್ವಾ? ಫಾರಮ್ಮಿನಲ್ಲಿ ಒಂದು ಖಾಲಿ ಚೌಕ ಇಟ್ಟಿದ್ದೇನೆ, ಬೇಕಾದವರು ಟಿಕ್ ಹಾಕುತ್ತಾರೆ. ವಿವರ ಯಾಕೆ ಕೇಳುತ್ತೇವೆ ಅನ್ನುವ ಸೂಚನೆಯನ್ನು ಗ್ರಾಹಕರು ಕನ್ನಡದಲ್ಲೂ ಓದುವಂತಿರಬೇಕು ಅಂತ ಕಾಯ್ದೆಯೇ ಹೇಳುವುದು ನನಗೆ ಇಷ್ಟವಾಯಿತು. “ನನ್ನ ವಿವರ ಅಳಿಸಿ ಮೇಡಂ” ಅಂದವರ ನಂಬರನ್ನು ಪಟ್ಟಿಯಿಂದ ತೆಗೆಯುತ್ತೇನೆ. ಆದರೆ ಬಿಲ್ಲು ಅಳಿಸಲಾಗದು. ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು ಅಂತ ಜಿಎಸ್‌ಟಿ ಕಾಯ್ದೆ ಹೇಳುತ್ತದೆ. ಇದನ್ನು ಅವರಿಗೆ ಬಿಡಿಸಿ ಹೇಳುತ್ತೇನೆ.

ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಗ್ರಾಹಕರ ವಿಳಾಸ ಜೋಪಾನ ಮಾಡಿ ಅನ್ನುವ ಕಾನೂನಿನ ನಾಡಿನಲ್ಲೇ ಮಾರುವವಳ ವಿಳಾಸ ವೆಬ್‌ಸೈಟಿನಲ್ಲಿ, ಬಿಲ್ಲಿನಲ್ಲಿ, ಜಿಎಸ್‌ಟಿ ಪೋರ್ಟಲ್‌ನ ಹುಡುಕಾಟದಲ್ಲಿ ಎಲ್ಲರಿಗೂ ಕಾಣುತ್ತದೆ. ಮನೆಯಿಂದ ಮಾರುವ ಹೆಣ್ಣುಮಕ್ಕಳು ಇದನ್ನು ಮೊದಲೇ ಯೋಚಿಸಬೇಕು. ನಾನು ಶುರುವಿನಿಂದಲೇ ತಮ್ಮನ ಅಂಗಡಿಯ ಮಾಳಿಗೆಯನ್ನು ವ್ಯಾಪಾರದ ಜಾಗವಾಗಿ ತೋರಿಸಿ, ಕೆಲಸವನ್ನೂ ಅಲ್ಲೇ ಮಾಡುತ್ತಿದ್ದೇನೆ. ಅವನ ಒಪ್ಪಿಗೆ ಪತ್ರ ಮತ್ತು ಅಂಗಡಿಯ ಕರೆಂಟ್ ಬಿಲ್ ಕೊಟ್ಟಿದ್ದೆ. ಈಗಾಗಲೇ ಮನೆ ವಿಳಾಸ ಕೊಟ್ಟವರು ಜಾಗ ಬದಲಿಸಿದರೆ 15 ದಿನದೊಳಗೆ ಪೋರ್ಟಲ್‌ನಲ್ಲಿ ತಿದ್ದುಪಡಿಗೆ ಅರ್ಜಿ ಹಾಕಬೇಕು.