ಓಡುವಾಗ ತಂಪು, ನಿಂತರೆ ಬಿಸಿ: ಕಾರಿನ ಎಸಿ ನಾನೇ ಸರಿ ಮಾಡಿದ್ದು

ಕಾರಿನ ಎಸಿಯಿಂದ ಬಿಸಿ ಗಾಳಿ ಬರುತ್ತಿದೆ ಅಂದ ತಕ್ಷಣ ಎಲ್ಲರೂ ಹೇಳುವುದು ಒಂದೇ: "ಗ್ಯಾಸ್ ಖಾಲಿ ಆಗಿರುತ್ತೆ, ತುಂಬಿಸಿ." ನನಗೂ ಅದನ್ನೇ ಹೇಳಿದರು. ಆದರೆ ಎಸಿ ಗ್ಯಾಸ್ ಸುಟ್ಟು ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪುಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಹಲವು ವರ್ಷಗಳಲ್ಲಿ ರಬ್ಬರ್ ಹೋಸ್ ಮೂಲಕ ಅಷ್ಟಿಷ್ಟು ಹೋಗಬಹುದು. ಅದಕ್ಕಿಂತ ಜಾಸ್ತಿ ಹೋಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆಯೇ ಇಲ್ಲದೆಯೂ ಬಿಸಿ ಗಾಳಿ ಬರಬಹುದು. ನನ್ನ ಕಾರಿನಲ್ಲಿ ಆಗಿದ್ದು ಅದೇ.

ಬಾನೆಟ್ ತೆರೆಯುವ ಮೊದಲು ನಾನು ಗಮನಿಸಿದ್ದು ಗಾಳಿ ಯಾವಾಗ ಬಿಸಿಯಾಗುತ್ತದೆ ಎನ್ನುವುದನ್ನು. ಕಾರು ವೇಗದಲ್ಲಿ ಓಡುತ್ತಿದ್ದರೆ ತಂಪು ಚೆನ್ನಾಗಿಯೇ ಇತ್ತು. ಸಿಗ್ನಲ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಗಾಳಿ ಬೆಚ್ಚಗಾಗುತ್ತಿತ್ತು. ಮತ್ತೆ ಹೊರಟರೆ ಮತ್ತೆ ತಂಪು. ಇದನ್ನು ನೋಡಿದರೇ ಅರ್ಧ ಕೆಲಸ ಮುಗಿದ ಹಾಗೆ. ಓಡುವಾಗ ತಂಪು ಇದೆ ಅಂದಮೇಲೆ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್, ಅಂದರೆ ಕಂಪ್ರೆಸರ್, ಸುತ್ತುತ್ತಿದೆ, ಒಳಗೆ ಗ್ಯಾಸ್ ಇದೆ, ಬಿಸಿ-ತಂಪು ಗಾಳಿ ಬೆರೆಸುವ ಡ್ಯಾಶ್‌ಬೋರ್ಡ್ ಒಳಗಿನ ಫ್ಲ್ಯಾಪ್ ಕೂಡ ಸರಿಯಾಗಿದೆ. ಗಾಳಿಯ ರಭಸವೇ ಕಡಿಮೆ ಇದ್ದಿದ್ದರೆ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡುತ್ತಿದ್ದೆ. ನನ್ನ ಕಾರಿನಲ್ಲಿ ರಭಸಕ್ಕೇನೂ ಕೊರತೆ ಇರಲಿಲ್ಲ.

ಉಳಿದಿದ್ದು ಮುಖ್ಯವಾಗಿ ಎರಡು ಅನುಮಾನ. ಒಂದು, ನಿಂತಾಗ ಎಂಜಿನ್ ನಿಧಾನಕ್ಕೆ ತಿರುಗುವುದರಿಂದ ಸೋತ ಕಂಪ್ರೆಸರ್ ಕೈಕೊಡುತ್ತಿರಬಹುದು, ಅಥವಾ ಗ್ಯಾಸ್ ಸ್ವಲ್ಪ ಕಡಿಮೆ ಇರಬಹುದು. ಇನ್ನೊಂದು, ಮುಂದಿರುವ ಕಂಡೆನ್ಸರ್‌ಗೆ ಗಾಳಿ ಸಿಗುತ್ತಿಲ್ಲದೆ ಇರಬಹುದು. ಫ್ರಿಜ್ ಹಿಂಭಾಗದಲ್ಲಿ ಬಿಸಿ ತಾಗುತ್ತದಲ್ಲ, ಕಂಡೆನ್ಸರ್ ಮಾಡುವುದೂ ಅದೇ ಕೆಲಸ: ಒಳಗಿನ ಶಾಖವನ್ನು ಹೊರಗೆ ಬಿಡುವುದು. ಓಡುವಾಗ ಎದುರುಗಾಳಿ ಅದನ್ನು ತಣಿಸುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ.

ಇವೆರಡರಲ್ಲಿ ಯಾವುದು ಅಂತ ತಿಳಿಯಲು ಅಡುಗೆಮನೆಯ ಥರ್ಮಾಮೀಟರ್ ಒಂದನ್ನು ನಡುವಿನ ವೆಂಟ್‌ಗೆ ಸಿಕ್ಕಿಸಿದೆ. ಓಡುವಾಗ 9 ಡಿಗ್ರಿ ತೋರಿಸುತ್ತಿದ್ದದ್ದು ನಿಂತ ಮೇಲೆ ಏರುತ್ತಾ 22 ಮುಟ್ಟಿತು. ಕಾರು ನಿಂತಲ್ಲೇ ಇರಲಿ ಅಂತ ಬಿಟ್ಟು ಆಕ್ಸಿಲರೇಟರ್ ಒತ್ತಿ ಎಂಜಿನ್ ವೇಗವನ್ನು ನಿಮಿಷಕ್ಕೆ 1500 ಸುತ್ತಿನ ಮೇಲೆ ಹಿಡಿದೆ. ಕಂಪ್ರೆಸರ್ ಅಥವಾ ಗ್ಯಾಸ್ ತೊಂದರೆ ಆಗಿದ್ದರೆ ಆಗ ಸ್ವಲ್ಪವಾದರೂ ತಂಪಾಗಬೇಕಿತ್ತು. ಆಗಲಿಲ್ಲ, ಇನ್ನೂ ಬಿಸಿಯಾಯಿತು. ಆಮೇಲೆ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಪೈಪಿನಿಂದ ಸಣ್ಣಗೆ ನೀರು ಬಿಟ್ಟೆ. ಸ್ವಲ್ಪ ಹೊತ್ತಿಗೇ ವೆಂಟ್‌ನ ಗಾಳಿ 14ಕ್ಕೆ ಇಳಿಯಿತು! ಒಂದು ಪೈಪು ನೀರಿನಿಂದ ಇಷ್ಟು ಸ್ಪಷ್ಟ ಉತ್ತರ ಸಿಗುವ ಪರೀಕ್ಷೆ ನನಗೆ ಗೊತ್ತಿರುವ ಮಟ್ಟಿಗೆ ಬೇರೆ ಇಲ್ಲ. ಶಾಖ ಹೊರಗೆ ಹೋಗುತ್ತಿಲ್ಲ, ಅಷ್ಟೇ. ಈ ಸ್ಥಿತಿಯಲ್ಲಿ ಸುಮ್ನೆ ಗ್ಯಾಸ್ ತುಂಬಿಸಿದ್ದರೆ ಪೈಪಿನೊಳಗಿನ ಒತ್ತಡ ಇನ್ನೂ ಏರಿ ತೊಂದರೆ ಜಾಸ್ತಿಯೇ ಆಗುತ್ತಿತ್ತು.

ಬಾನೆಟ್ ತೆರೆದು ಎಸಿ ಹಾಕಿದೆ. ಕಂಪ್ರೆಸರನ್ನು ಎಂಜಿನ್‌ಗೆ ಜೋಡಿಸುವ ಕ್ಲಚ್ ಟಕ್ ಅಂತ ಹಿಡಿಯಿತು. ನನ್ನ ಕಾರಿನಲ್ಲಿ ಎರಡು ಫ್ಯಾನ್ ಇವೆ, ಒಂದು ರೇಡಿಯೇಟರ್‌ಗೆ, ಇನ್ನೊಂದು ಕಂಡೆನ್ಸರ್‌ಗೆ. ಕಂಡೆನ್ಸರ್ ಫ್ಯಾನ್ ಅಲುಗಾಡಲೇ ಇಲ್ಲ. ಸ್ವಲ್ಪ ಹೊತ್ತಿಗೆ ಕ್ಲಚ್ ಬಿಟ್ಟಿತು, ಮತ್ತೆ ಹಿಡಿಯಿತು, ಮತ್ತೆ ಬಿಟ್ಟಿತು. ಒತ್ತಡ ಮಿತಿ ಮೀರಿದಾಗ ಪ್ರೆಶರ್ ಸೆನ್ಸರ್ ಕಂಪ್ರೆಸರನ್ನು ಕಾಪಾಡಲು ಹೀಗೆ ನಿಲ್ಲಿಸುತ್ತದೆ. ರೇಡಿಯೇಟರ್ ಫ್ಯಾನ್ ಚೆನ್ನಾಗಿದ್ದದ್ದರಿಂದ ಎಂಜಿನ್ ಬಿಸಿಯ ಮುಳ್ಳು ಮೇಲೇರಿರಲೇ ಇಲ್ಲ. ಅದಕ್ಕೇ ಈ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ.

ಫ್ಯಾನ್ ಹತ್ತಿರ ಕೆಲಸ ಮಾಡುವವರು ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ನಿಂತಿರುವ ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಆದ ಮೇಲೂ ತಿರುಗುತ್ತದೆ. ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ.

ಫ್ಯೂಸ್ ಸರಿಯಾಗಿತ್ತು. ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್ ಆದ ರಿಲೇ ತೆಗೆದು, ಪಕ್ಕದಲ್ಲಿದ್ದ ಅದೇ ನಂಬರಿನ ಇನ್ನೊಂದು ರಿಲೇಯನ್ನು ಕಿತ್ತು ಇಲ್ಲಿ ಹಾಕಿದೆ, ವ್ಯತ್ಯಾಸ ಆಗಲಿಲ್ಲ. ಆಮೇಲೆ ಫ್ಯಾನ್‌ನ ಕನೆಕ್ಟರ್ ಬಿಚ್ಚಿ ಎರಡು ಪಿನ್‌ಗಳ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದೆ. ಇಲ್ಲಿ ಮಲ್ಟಿಮೀಟರ್‌ಗಿಂತ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಮೇಲು. ತುಕ್ಕು ಹಿಡಿದ ವೈರಿನ ತುದಿಯಲ್ಲೂ ಮಲ್ಟಿಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ. ಬಲ್ಬ್ ಬೆಳಗಬೇಕಾದರೆ ಕರೆಂಟ್ ನಿಜವಾಗಿಯೂ ಹರಿಯಬೇಕು. ಎಸಿ ಹಾಕಿದಾಗ ಬಲ್ಬ್ ಪೂರ್ತಿ ಬೆಳಗಿತು. ಅಂದರೆ ವೈರಿಂಗ್ ಸರಿ ಇದೆ, ಮೋಟರ್ ಹೋಗಿದೆ.

ಖಾತ್ರಿ ಮಾಡಿಕೊಳ್ಳಲು ಫ್ಯೂಸ್ ಇರುವ ವೈರಿನಿಂದ ಬ್ಯಾಟರಿಯ ಕರೆಂಟನ್ನು ನೇರವಾಗಿ ಮೋಟರ್‌ಗೆ ಕೊಟ್ಟೆ. ಸದ್ದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಮೋಟರಿನ ಬೆನ್ನಿಗೆ ಮೆಲ್ಲಗೆ ತಟ್ಟಿದೆ. ಒಮ್ಮೆ ನಡುಗಿ, ಒಲ್ಲದ ಮನಸ್ಸಿನಿಂದ ಎನ್ನುವ ಹಾಗೆ ತಿರುಗತೊಡಗಿತು. ತಟ್ಟಿದರೆ ತಿರುಗುವ ಮೋಟರ್‌ನಲ್ಲಿ ಸಾಮಾನ್ಯವಾಗಿ ಕಾರ್ಬನ್ ಬ್ರಶ್ ಸವೆದಿರುತ್ತದೆ. ಬಿಚ್ಚಿ ನೋಡಿದರೆ ಒಳಗೆಲ್ಲ ಕರಿ ಪುಡಿ, ಬ್ರಶ್ ಅನ್ನುವುದು ಉಗುರಿನಷ್ಟು ಉಳಿದಿತ್ತು. ಬ್ರಶ್ ಮಾತ್ರ ಬದಲಿಸಬಹುದು. ಆದರೆ ಬ್ರಶ್ ಉಜ್ಜಿಕೊಂಡು ತಿರುಗುವ ತಾಮ್ರದ ಭಾಗವಾದ ಕಮ್ಯುಟೇಟರ್ ಮೇಲೆ ಆಳವಾದ ಗೆರೆ ಬಿದ್ದಿತ್ತು, ಕೈಯಲ್ಲಿ ತಿರುಗಿಸಿದರೆ ಬೇರಿಂಗ್ ಗರಗರ ಅನ್ನುತ್ತಿತ್ತು. ಹಾಗಾಗಿ ಮೋಟರನ್ನೇ ಬದಲಿಸಿದೆ.

ಹೊಸ ಮೋಟರ್ ಹಾಕಿದ ಮೇಲೆ ತಿರುಗುವ ದಿಕ್ಕು ನೋಡಲೇಬೇಕು. ವೈರ್ ಅದಲುಬದಲಾದರೆ ಫ್ಯಾನ್ ತಿರುಗುತ್ತದೆ, ಗಾಳಿ ಮಾತ್ರ ಉಲ್ಟಾ ಹೋಗುತ್ತದೆ. ನನ್ನ ಕಾರಿನಲ್ಲಿ ಫ್ಯಾನ್ ಹಿಂದೆ ಕೂತು ಮುಂದಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಗ್ರಿಲ್ ಮುಂದೆ ಒಂದು ಹಾಳೆ ಹಿಡಿದೆ, ಅದು ಒಳಕ್ಕೆ ಅಂಟಿಕೊಂಡಿತು. ಸರಿ ಇದೆ.

ಫ್ಯಾನ್ ಬಿಚ್ಚಿದ್ದಾಗಲೇ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ ಕಂಡಿತು. ಧೂಳು, ಒಣಗಿದ ಎಲೆ, ಹುಳುಗಳ ರೆಕ್ಕೆ ಸೇರಿ ಕಂಬಳಿಯಂತೆ ಕೂತಿದ್ದವು. ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ತೊಳೆದೆ. ಪ್ರೆಶರ್ ವಾಷರ್ ಬೇಡ, ತೆಳು ಅಲ್ಯೂಮಿನಿಯಂ ಫಿನ್ ಮಡಚಿಹೋಗುತ್ತವೆ. ಈಗ ನಿಂತಲ್ಲೇ ಇದ್ದರೂ ವೆಂಟ್‌ನಲ್ಲಿ 12 ಡಿಗ್ರಿ ದಾಟುವುದಿಲ್ಲ.

ತಮ್ಮನ ಕಾರಿನ ಕಥೆ ಬೇರೆ. ಓಡಿದರೂ ನಿಂತರೂ ಬಿಸಿಯೇ, ಕ್ಲಚ್ ಹಿಡಿಯುತ್ತಲೇ ಇರಲಿಲ್ಲ. ಎಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಗೇಜ್ ಹಾಕಿದೆವು. ಅವನ ಕಾರಿನ ಗ್ಯಾಸ್ ಆರ್-134ಎ. ಸುತ್ತಲಿನ ಬಿಸಿ 30 ಡಿಗ್ರಿ ಇದ್ದಾಗ ಪೈಪಿನೊಳಗೆ ಒತ್ತಡದಲ್ಲಿ ದ್ರವವಾದ ಗ್ಯಾಸ್ ಸ್ವಲ್ಪ ಉಳಿದಿದ್ದರೂ ಗೇಜ್ 97 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸಿನಲ್ಲಿರಬೇಕು. ಅವನದು ಅದರ ಅರ್ಧವೂ ಇರಲಿಲ್ಲ. ಅಲ್ಲಿಗೆ ಸೋರಿಕೆ ಖಾತ್ರಿಯಾಯಿತು. ಒಂದು ಎಚ್ಚರ: 97 ತೋರಿಸಿತು ಅಂತ ಗ್ಯಾಸ್ ಸಾಕಷ್ಟಿದೆ ಎಂದುಕೊಳ್ಳಬಾರದು. ದ್ರವ ಚೂರು ಇದ್ದರೂ, ಪೂರ್ತಿ ಇದ್ದರೂ ಒತ್ತಡ ಒಂದೇ. ಇನ್ನು, ಪ್ರೆಶರ್ ಸ್ವಿಚ್‌ಗೆ ವೈರ್ ಸಿಕ್ಕಿಸಿ ಬಲವಂತವಾಗಿ ಕ್ಲಚ್ ಹಿಡಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಕಂಪ್ರೆಸರ್‌ಗೆ ಎಣ್ಣೆ ವಾಪಸ್ ತರುವುದೇ ಗ್ಯಾಸ್. ಅದಿಲ್ಲದೆ ಓಡಿಸಿದರೆ ಕಂಪ್ರೆಸರ್ ಜಾಮ್ ಆಗುತ್ತದೆ.

ಆ ಎಣ್ಣೆಯೇ ಸೋರುವ ಜಾಗವನ್ನೂ ತೋರಿಸಿಕೊಟ್ಟಿತು. ಕಂಡೆನ್ಸರ್‌ಗೆ ಪೈಪ್ ಸೇರುವಲ್ಲಿ ಮಾತ್ರ ಧೂಳು ಜಿಡ್ಡಾಗಿ ಅಂಟಿತ್ತು. ಒಳಗಿನ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ, ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಇದರ ಮುಂದಿನ ಕೆಲಸವನ್ನು ಮೆಷಿನ್ ಇರುವ ಎಸಿ ಮೆಕ್ಯಾನಿಕ್‌ಗೇ ಬಿಟ್ಟೆವು. ಈ ಗ್ಯಾಸ್ ಹೊರಗೆ ಬಂದರೆ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ, ಚರ್ಮಕ್ಕೆ ತಾಗಿದರೆ ಹೆಪ್ಪುಗಟ್ಟಿಸುತ್ತದೆ, ಕಣ್ಣಿಗೆ ಇನ್ನೂ ಅಪಾಯ. ಗಾಳಿಗೆ ಬಿಡುವುದೂ ತಪ್ಪು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಅವರು ಉಳಿದ ಗ್ಯಾಸನ್ನು ಮೆಷಿನ್‌ಗೆ ಎಳೆದುಕೊಂಡು, ಓ-ರಿಂಗ್ ಮತ್ತು ತೇವ ಹೀರುವ ಡ್ರೈಯರ್ ಬದಲಿಸಿ, ವ್ಯಾಕ್ಯೂಮ್ ಮಾಡಿ, ಗೇಜ್ ಮುಳ್ಳು ಕದಲುವುದಿಲ್ಲ ಎಂದು ನೋಡಿದ ಮೇಲೆ, ಬಾನೆಟ್ ಒಳಗಿನ ಸ್ಟಿಕರ್‌ನಲ್ಲಿ ಬರೆದಿರುವಷ್ಟೇ ಗ್ರಾಂ ಗ್ಯಾಸ್ ತೂಕ ಮಾಡಿ ತುಂಬಿದರು. ಜೊತೆಗೆ ಸ್ವಲ್ಪ ಯುವಿ ಡೈ ಕೂಡ ಹಾಕಿಸಿದ್ದೇವೆ. ಮತ್ತೆ ಎಲ್ಲಾದರೂ ಸೋರಿದರೆ ನೀಲಿ ದೀಪ ಹಿಡಿದಾಗ ಆ ಜಾಗ ಹಸಿರಾಗಿ ಹೊಳೆಯುತ್ತದೆ.